ಹದಿನಾಲ್ಕನೇ ಮೈಲಿಯ ಒಗೆಯುವ ಕಲ್ಲು

ತೊಂಬತ್ತರ ದಶಕದ ಮಧ್ಯದ ಮಾತು. ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಸ್ಟೆನೋ ಆಗಿದ್ದೆ. ಹಾವೇರಿ ಕಡೆಯಿಂದ ಬಂದವಳು. ಚಂದಾಪುರದಲ್ಲಿ, ಅದೇ ಕಾರ್ಖಾನೆಯ ಅಸೆಂಬ್ಲಿ ಲೈನಿನ ಇಬ್ಬರು ಹುಡುಗಿಯರ ಜೊತೆ ಒಂದು ರೂಮು ಹಂಚಿಕೊಂಡಿದ್ದೆ. ನನಗೆ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಬರುತ್ತಿತ್ತು, ಕನ್ನಡ ಮನೆಮಾತು. ಹಾಗಾಗಿ ಎರಡರ ನಡುವೆ ನಿಲ್ಲುವ ಕೆಲಸವೆಲ್ಲ ನನ್ನ ಮೇಜಿಗೇ ಬರುತ್ತಿತ್ತು. ಮ್ಯಾನೇಜರರ ಸುತ್ತೋಲೆಯನ್ನು ಕನ್ನಡಕ್ಕೆ ಇಳಿಸುವುದು, ಕೆಲಸಗಾರರ ಅರ್ಜಿಯನ್ನು ಇಂಗ್ಲಿಷಿಗೆ ಏರಿಸುವುದು. ಇಳಿಸುವುದು, ಏರಿಸುವುದು ಅಂತಲೇ ನಮ್ಮ ಆಫೀಸಿನಲ್ಲಿ ಅನ್ನುತ್ತಿದ್ದರು. ಆಗ ಅದು ನನಗೆ ಚುಚ್ಚುತ್ತಿರಲಿಲ್ಲ.

ಆಡಳಿತ ವಿಭಾಗದ ಮುಖ್ಯಸ್ಥರು ಸೈನ್ಯದಿಂದ ನಿವೃತ್ತರಾದ ಒಬ್ಬ ಕರ್ನಲ್. ಉತ್ತರದ ಕಡೆಯವರು. ಬೆಂಗಳೂರಿಗೆ ಬಂದು ಹದಿನೈದು ವರ್ಷವಾಗಿದ್ದರೂ ಅವರಿಗೆ ಬರುತ್ತಿದ್ದ ಕನ್ನಡವೆಂದರೆ ‘ಸ್ವಲ್ಪ’, ‘ಬೇಡ’, ‘ಸೀದಾ ಹೋಗಿ’ ಅಷ್ಟೇ. ಅವರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅವರು ಕೆಟ್ಟವರಾಗಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಬಾಳುತ್ತಿರಲಿಲ್ಲ. ಯಾರಿಗಾದರೂ ಹುಷಾರಿಲ್ಲ ಅಂದರೆ ತಮ್ಮ ಕಾರಿನಲ್ಲೇ ಮನೆಗೆ ಕಳಿಸುತ್ತಿದ್ದರು. ಕ್ಯಾಂಟೀನಿನಲ್ಲಿ ಕೆಲಸಗಾರರ ಹಿಂದೆಯೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಆದರೆ ಅವರಿಗೊಂದು ಹುಚ್ಚಿತ್ತು, ಹೊಸೂರು ರಸ್ತೆಯ ಹುಚ್ಚು.

ಅವರ ಕ್ಯಾಬಿನ್ನಿನ ಗೋಡೆಯ ಮೇಲೆ ಒಂದು ಹಳೆಯ ನಕಾಶೆಯ ಪ್ರತಿ ತೂಗುತ್ತಿತ್ತು. ಇನ್ನೂರು ವರ್ಷದ ಹಿಂದೆ ಇಂಗ್ಲಿಷರ ದಂಡು ಎತ್ತುಗಳಿಂದ ಫಿರಂಗಿ ಎಳೆಸಿಕೊಂಡು ಈ ಸೀಮೆಯನ್ನು ಹಾದುಹೋದದ್ದು, ಆಮೇಲೆ ಕಂಟೋನ್ಮೆಂಟಿಗೆ ಸಿಪಾಯಿಗಳೂ ಮದ್ದುಗುಂಡೂ ಬಂದದ್ದು ಈ ದಾರಿಯಲ್ಲೇ ಎಂದು ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದರು. “ನೀವು ದಿನಾ ಬಸ್ಸಿನಲ್ಲಿ ತೂಕಡಿಸುತ್ತಾ ಬರುತ್ತೀರಲ್ಲ, ಆ ರಸ್ತೆಯ ಮೇಲೆ ಚರಿತ್ರೆ ನಡೆದುಹೋಗಿದೆ,” ಎಂದು ಒಮ್ಮೆ ಪತ್ರ ಹೇಳಿ ಬರೆಸುವ ನಡುವೆ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಅದನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡುಬಿಟ್ಟೆ. ಅವರು ಜೋರಾಗಿ ನಕ್ಕರು.

ಆ ದಾರಿಯ ನೆನಪಿಗಾಗಿ ಒಂದು ಸಾಮೂಹಿಕ ನಡಿಗೆ ಮಾಡಬೇಕೆಂದು ಅವರಿಗೆ ಬಹಳ ದಿನದಿಂದ ಆಸೆಯಿತ್ತು. ಕೃಷ್ಣಗಿರಿಯಿಂದ ಬೆಂಗಳೂರಿನ ಕೋಟೆಯವರೆಗೆ ನಾಲ್ಕು ದಿನ. ಆ ವರ್ಷ ಕಂಪನಿ ಒಪ್ಪಿತು. ಎದೆಯ ಮೇಲೆ ಫಿರಂಗಿಯ ಚಿತ್ರ, ಬೆನ್ನ ಮೇಲೆ ಕಂಪನಿಯ ಹೆಸರು ಇದ್ದ ಟೀ ಶರ್ಟು ಹೊಲಿಸಿದರು. ತಮಿಳು ಸೀಮೆಯಲ್ಲಿ ಮಾತಾಡಲು ಸ್ಟೋರಿನ ಒಬ್ಬರು, ಅತ್ತಿಬೆಲೆಯ ಗಡಿ ದಾಟಿದ ಮೇಲೆ ನಾನು ಎಂದು ನಿಗದಿಯಾಯಿತು. ನನಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಕ್ಯಾನ್ವಾಸ್ ಶೂ ಕೊಂಡೆ.

ರೂಮಿನ ಹುಡುಗಿಯರಲ್ಲಿ ಒಬ್ಬಳು ಕೇಳಿದಳು: “ನಾವೂ ಬರ್ಬೋದಾ?”

ನಾನು ಕರ್ನಲ್ ಸಾಹೇಬರನ್ನು ಕೇಳಿದೆ. ಶನಿವಾರ ಲೈನ್ ಓಡುತ್ತದೆ, ಪ್ರೊಡಕ್ಷನ್ನಿನವರು ಬಿಡುವುದಿಲ್ಲ ಅಂದರು. ನಿಜವಾಗಿ ನೊಂದುಕೊಂಡೇ ಅಂದರು. ಹೀಗಾಗಿ ನಡೆದವರು ಮ್ಯಾನೇಜರರು, ಎಂಜಿನಿಯರರು, ಅವರಲ್ಲಿ ಕೆಲವರ ಹೆಂಡತಿಯರು, ಇಬ್ಬರು ವಿದೇಶಿ ಗಿರಾಕಿಗಳು. ಒಟ್ಟು ನಲವತ್ತು ಜನ. ಕೈಯಲ್ಲಿ ಕೆಲಸ ಮಾಡುವವರು ಒಬ್ಬರೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ಅತ್ತಿಬೆಲೆಯ ಚೆಕ್‌ಪೋಸ್ಟಿನ ಹತ್ತಿರ ಗುಂಪನ್ನು ಸೇರಿಕೊಂಡೆ. ಎರಡು ದಿನ ನಡೆದು ಬಂದಿದ್ದ ಅವರ ಮೂಗು, ಕಿವಿ ಎಲ್ಲ ಬಿಸಿಲಿಗೆ ಸುಲಿದಿದ್ದವು. ಹಿಂದೆ ಒಂದು ವ್ಯಾನಿನಲ್ಲಿ ಊಟ, ನೀರು, ಮುಲಾಮು. ಅದರ ಹಿಂದೆ ಸಾಮಾನಿನ ಒಂದು ಟೆಂಪೊ. ಕರ್ನಲ್ ಸಾಹೇಬರು ಬೆತ್ತ ಹಿಡಿದು ಎಲ್ಲರಿಗಿಂತ ಮುಂದೆ. ಅವರ ವಯಸ್ಸಿಗೆ ಆ ನಡಿಗೆ ನೋಡುವಂತಿತ್ತು.

ಮುಕ್ಕಾಲು ಗಂಟೆ ನಡೆದಿರಬಹುದು, ಹಿಂದಿನಿಂದ ಪರಿಚಯದ ಹಾರನ್ ಕೇಳಿಸಿತು. ಅತ್ತಿಬೆಲೆ ಕಡೆಯ ಕೆಲಸಗಾರರನ್ನು ಹತ್ತಿಸಿಕೊಂಡು ಬರುತ್ತಿದ್ದ ನಮ್ಮದೇ ಕಾರ್ಖಾನೆಯ ಬಸ್ಸು. ಕಿಟಕಿಯಿಂದ ಒಬ್ಬಳು ನನ್ನನ್ನು ಗುರುತಿಸಿ ತಲೆ ಹೊರಗೆ ಹಾಕಿದಳು.

“ಸೀಟಿದೆ ಕಣೇ, ಹತ್ಕೊ. ಯಾಕೆ ಕಾಲು ನೋಯಿಸ್ಕೋತೀಯ?”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ವೀಡಿಯೋ ಹಿಡಿದಿದ್ದ ಮ್ಯಾನೇಜರೊಬ್ಬರು ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದರು. “ಅವರಿಗೆ ಚಪ್ಪಾಳೆ ತಟ್ಟೋಕೆ ಹೇಳು. ಕೆಲಸಗಾರರು ಹುರಿದುಂಬಿಸ್ತಿರೋ ಹಾಗೆ ಬರಲಿ,” ಅಂದರು ನನಗೆ. ನಾನು ಹೇಳಿದೆ. ಅವರು ತಟ್ಟಿದರು. ಸರಿಯಾಗಿ ಬರಲಿಲ್ಲ ಅಂತ ಇನ್ನೊಂದು ಸಲ ತಟ್ಟಿಸಿದರು. ಬಸ್ಸು ತಡವಾಗಿ ಗೇಟು ಸೇರಿ, ಆ ದಿನ ಅವರೆಲ್ಲರ ಕಾರ್ಡಿನಲ್ಲಿ ಲೇಟು ಎಂದು ಬಿದ್ದದ್ದು ನನಗೆ ಸೋಮವಾರ ಗೊತ್ತಾಯಿತು.

ಆಮೇಲಿನ ದಾರಿಯೆಲ್ಲ ನನ್ನ ಕೆಲಸ ಇದೇ ಆಯಿತು. ದನ ಹೊಡೆದುಕೊಂಡು ಬರುವವರಿಗೆ ಸ್ವಲ್ಪ ಪಕ್ಕಕ್ಕೆ ಹೋಗಿ ಅನ್ನುವುದು. ಮ್ಯಾನೇಜರರ ಹೆಂಡತಿಯರಿಗೆ ಯಾರ ಮನೆಯಲ್ಲಾದರೂ ಬಚ್ಚಲು ಕೇಳುವುದು. ಫೋಟೋ ಇರುವ ಕಡೆ ಮುದುಕರನ್ನು ಇಲ್ಲಿ ಕೂರಿ, ಹೀಗೆ ನೋಡಿ ಅನ್ನುವುದು. ಲಾರಿಗಳು ಮೈ ಸವರಿಕೊಂಡು ಹೋಗುತ್ತಿದ್ದವು. ಒಂದೊಂದು ಮೈಲಿಗೂ ಕರ್ನಲ್ ಸಾಹೇಬರು ನಿಂತು, ಇಲ್ಲಿ ದಂಡು ಬೀಡು ಬಿಟ್ಟಿರಬಹುದು, ಇಲ್ಲಿ ಫಿರಂಗಿಯ ಗಾಲಿ ಹೂತಿರಬಹುದು ಎಂದು ವಿವರಿಸುವರು. ಹೇಳುವಾಗ ಅವರ ಧ್ವನಿ ನಡುಗುತ್ತಿತ್ತು. ಗಾಲಿ ಹೂತರೆ ಎಳೆದವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದೆವು. ಹೆದ್ದಾರಿಯನ್ನು ನೇರ ಮಾಡಿದಾಗ ಹಳೆಯ ರಸ್ತೆಯ ಒಂದು ತಿರುವು ಹಾಗೇ ಉಳಿದುಹೋಗಿತ್ತು. ಈಗ ಅದು ಗಾಡಿ ದಾರಿ. ಒಂದು ಪಕ್ಕ ಹಳೆಯ ಹುಣಸೆ ಮರಗಳು, ಇನ್ನೊಂದು ಪಕ್ಕ ಹೊಸದಾಗಿ ಏಳುತ್ತಿದ್ದ ಯಾವುದೋ ಕಾರ್ಖಾನೆಯ ಕಾಂಪೌಂಡು. ನಕಾಶೆಯ ಪ್ರಕಾರ ಹದಿನಾಲ್ಕನೇ ಮೈಲಿಯ ಕಲ್ಲು ಇಲ್ಲೇ ಎಲ್ಲೋ ಇರಬೇಕು ಎಂದು ಕರ್ನಲ್ ಸಾಹೇಬರು ಪೊದೆಪೊದೆಗೂ ಬೆತ್ತ ಚುಚ್ಚುತ್ತಾ ನಡೆದರು. ದಾರಿಯ ಕೊನೆಗೆ ಒಂದು ಸಣ್ಣ ಕೆರೆ, ಹತ್ತಿಪ್ಪತ್ತು ಮನೆ, ಕೆರೆಯ ಈಚೆ ಒಂದು ಕೈಪಂಪು. ಪಂಪಿನ ಪಕ್ಕ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದರು.

ಐವತ್ತು ದಾಟಿದ ಹೆಂಗಸು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದರು. ಹಿಂದೆ ಹಗ್ಗದ ತುಂಬ ಬೂದಿ ನೀಲಿಯ ಶರ್ಟು, ಪ್ಯಾಂಟು ನೇತಾಡುತ್ತಿದ್ದವು. ಕಿಸೆಯ ಮೇಲಿನ ಗುರುತು ನೋಡಿದೆ. ನಮ್ಮ ಕಾರ್ಖಾನೆಯ ಯೂನಿಫಾರಂ. ಸುತ್ತಮುತ್ತ ರೂಮು ಮಾಡಿಕೊಂಡಿದ್ದ ಹುಡುಗರ ಗ್ರೀಸು ಹತ್ತಿದ ಬಟ್ಟೆ ಒಗೆಯುವುದೇ ಅವರ ಜೀವನವಾಗಿತ್ತು.

“ಅಮ್ಮಾ, ಕುಡಿಯೋಕೆ ನೀರು ಸಿಗುತ್ತಾ?”

“ಯಾಕ್ ಸಿಕ್ಕಲ್ಲ? ಇರಿ, ನಾನೇ ಒತ್ತುತೀನಿ. ಈ ಪಂಪು ಒಸಬರ ಮಾತು ಕೇಳಾಕಿಲ್ಲ,” ಎಂದು ಎದ್ದರು. ವ್ಯಾನಿನ ನೀರು ಮುಗಿದಿತ್ತು. ನಲವತ್ತು ಜನಕ್ಕೂ ಅವರೊಬ್ಬರೇ ಒತ್ತಿದರು. ಒತ್ತುತ್ತಲೇ ಕೇಳಿದರು: “ಎಲ್ಲಿಗ್ ಒಂಟಿದ್ದೀರಿ ಇಷ್ಟು ಜನ? ಅರಕೆನಾ?”

“ಹರಕೆ ಅಲ್ಲಮ್ಮ. ಹಿಂದೆ ಈ ದಾರೀಲಿ ದಂಡು ಹೋಗಿತ್ತಲ್ಲ, ಅದರ ನೆನಪಿಗೆ ಕೋಟೆ ತನಕ ನಡೀತಿದೀವಿ.”

“ದಂಡಿನ ನೆನಪಾ?” ಅವರು ಪಂಪಿನ ಹಿಡಿ ಬಿಟ್ಟು ನನ್ನನ್ನು ನೋಡಿದರು. “ದಂಡು ಬತ್ತದೆ ಅಂದ್ರೆ ನಮ್ಮೋರು ರಾಗಿ ತುಂಬಿದ ಅಗೇವು ಗುಂಡಿಗೆ ಮಣ್ಣು ಮುಚ್ಚಿ, ಎತ್ತು ಒಡ್ಕಂಡು ಕಾಡಿಗೆ ಓಡೋರಂತೆ. ಎತ್ತು ಕಂಡ್ರೆ ಬಿಡ್ತಿರ್ನಿಲ್ಲವಂತೆ, ಫಿರಂಗಿಗ್ ಕಟ್ಟಕ್ಕೆ. ಎತ್ತು ಸಿಕ್ಕಲಿಲ್ಲ ಅಂದ್ರೆ ಗಂಡಸರ್ನೇ ಕಟ್ಟೋರಂತೆ. ನಮ್ಮತ್ತೆ ಏಳೋರು.”

ಕರ್ನಲ್ ಸಾಹೇಬರು ಏನಂತೆ ಎಂದು ಕೇಳಿದರು. ಇಂಗ್ಲಿಷಿಗೆ ಏರಿಸಿದೆ. ಅವರ ಕಣ್ಣು ಅರಳಿತು. “ವಂಡರ್‌ಫುಲ್” ಎಂದು ನೋಟ್‌ಬುಕ್ ತೆಗೆದು ಬರೆದುಕೊಂಡರು. ಗಂಡಸರನ್ನೇ ಕಟ್ಟುತ್ತಿದ್ದರು ಅನ್ನುವುದರಲ್ಲಿ ವಂಡರ್‌ಫುಲ್ ಏನಿತ್ತೋ. ಆಮೇಲೆ, ಅಕ್ಷರ ಕೆತ್ತಿದ ಕಲ್ಲು ಎಲ್ಲಾದರೂ ನೋಡಿದ್ದಾರಾ ಕೇಳಿ ಅಂದರು.

ಕೇಳಿದೆ. ಹೆಂಗಸು ನಕ್ಕು, ತಾವು ಒಗೆಯುತ್ತಿದ್ದ ಕಲ್ಲನ್ನು ಅಂಗಾಲಿನಿಂದ ತಟ್ಟಿದರು.

“ಇದೇ. ಇದರ ಒಟ್ಟೆ ಕೆಳಗೈತೆ ಅಕ್ಸರ. ನಮ್ಮ ಮಾವ ಮಗುಚಿ ಆಕಿದ್ದು. ಅಕ್ಸರದ ಮ್ಯಾಲೆ ಒಗೀಬಾರ್ದು, ಸರಸೋತಿ ಅಂತ.”

ಅವರು ಹೇಳದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನೆಗೆ ಬಂದವರಿಗೆ ಮನೆಯಲ್ಲಿರುವ ಒಳ್ಳೆಯ ವಸ್ತು ತೋರಿಸುವ ಹಾಗೆ ಹೇಳಿದರು.

ಪಕ್ಕದ ಕಾಂಪೌಂಡಿನ ಕೆಲಸದಲ್ಲಿದ್ದ ನಾಲ್ಕು ಜನ ಕೂಲಿಯವರನ್ನು ಹಾರೆ ಸಮೇತ ಕರೆಸಿದರು. ಎಲ್ಲ ಕೊಪ್ಪಳದ ಕಡೆಯವರು. ಹಾರೆ ಹಾಕಿ ಮೀಟಿ, ಕಲ್ಲನ್ನು ಮಗುಚಿದರು. ಕೆಸರು ತೊಳೆದಾಗ ಒಂದು ಇಂಗ್ಲಿಷ್ ಅಕ್ಷರ, ಕೆಳಗೆ ರೋಮನ್ ಅಂಕಿಯಲ್ಲಿ ಹದಿನಾಲ್ಕು, ನಿನ್ನೆ ಕೆತ್ತಿದ ಹಾಗೆ ಕಂಡವು. ಆ ಸೊಸೆ, ಆ ಮಾವ ಸೇರಿ ಅವನ್ನು ಅಷ್ಟು ಚೆನ್ನಾಗಿ ಕಾಪಾಡಿದ್ದರು. ಕರ್ನಲ್ ಸಾಹೇಬರು ಸೋಪಿನ ನೀರಿನಲ್ಲೇ ಮೊಣಕಾಲೂರಿದರು. ಅಂಕಿಯ ಮೇಲೆ ಬೆರಳಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ, ನಾನು ಹತ್ತಿರದಿಂದ ನೋಡಿದೆ.

ಎದ್ದು ನಿಂತು ಅಂದರು: “ಇದು ಇಲ್ಲಿ ಇರಬಾರದು. ಕೇಳಿ ಅವರನ್ನು. ಹೊಸ ಕಲ್ಲು ಹಾಕಿಸಿಕೊಡೋಣ.”

ನಾನು ಇಳಿಸಿದೆ. “ಅಮ್ಮ, ಈ ಕಲ್ಲು ಇವರಿಗೆ ಬೇಕಂತೆ. ಬದಲಿಗೆ ಹೊಸ ಕಲ್ಲು ಹಾಕಿಸಿಕೊಡ್ತಾರಂತೆ.”

ಅವರ ನಗು ಆರಿತು. ಮಗುಚಿ ಬಿದ್ದ ಕಲ್ಲನ್ನೂ, ಅದರ ಕೆಳಗಿನ ಹಳ್ಳವನ್ನೂ ನೋಡಿದರು. “ಒಸ ಕಲ್ಲು ತಂದು ಆಕ್ಲಿ. ಅದು ಎಂಗೈತೆ ನಾನು ಒಗ್ದು ನೋಡ್ತೀನಿ. ಸರಿ ಓದ್ರೆ ಆಮ್ಯಾಕೆ ಇದನ್ನ ತಕ್ಕಂಡ್ ಓಗ್ಲಿ. ಅಲ್ಲೀಗಂಟ ಕೊಡಾಕಿಲ್ಲ.”

“ಏನಂತೆ?” ಎಂದರು ಕರ್ನಲ್ ಸಾಹೇಬರು.

ನಲವತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ಬಿಸಿಲು ನೆತ್ತಿ ಸುಡುತ್ತಿತ್ತು. ಚಂದಾಪುರದ ಕಲ್ಯಾಣ ಮಂಟಪದಲ್ಲಿ ಊಟ ಕಾಯುತ್ತಿತ್ತು. ಟೆಂಪೊ ಆಗಲೇ ಹಿಂದಕ್ಕೆ ಬಂದು ನಿಂತಿತ್ತು. ಇವೆಲ್ಲ ಕಾರಣಗಳಲ್ಲ. ಅವರ ಒದ್ದೆ ಕಣ್ಣಿಗೆ ನಾನು ‘ಇಲ್ಲ’ ಅನ್ನಲಾರದೆ ಹೋದೆ, ಅಷ್ಟೇ. ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳಬೇಕಿತ್ತು.

“ಒಪ್ಪಿದ್ದಾರೆ ಸರ್. ಹೊಸ ಕಲ್ಲು ಬೇಕಂತೆ,” ಎಂದು ಇಂಗ್ಲಿಷಿನಲ್ಲಿ ಅಂದೆ.

ಕರ್ನಲ್ ಸಾಹೇಬರು ಆ ಹೆಂಗಸಿಗೆ ಬಗ್ಗಿ ಕೈಮುಗಿದರು. ಯಾಕೆಂದು ಗೊತ್ತಾಗದೆ ಆಕೆಯೂ ಒದ್ದೆ ಕೈ ಮುಗಿದರು. ಅಷ್ಟರಲ್ಲಿ ಕೂಲಿಯವರು ಕಲ್ಲಿಗೆ ಹಗ್ಗ ಹಾಕಿದ್ದರು. ಆಕೆ ನನ್ನ ಕಡೆ ತಿರುಗಿದರು. “ನಾನ್ ಏಳಿದ್ದು ಅವರ್ಗೆ ಏಳಿದ್ರಾ?”

“ಹೇಳಿದೀನಮ್ಮ. ಒಂದು ವಾರದಲ್ಲಿ ಹೊಸ ಕಲ್ಲು ಬರುತ್ತೆ. ನನ್ನ ಮಾತು.”

ಹಗ್ಗ ಹಿಡಿದಿದ್ದ ಕೂಲಿಯವರಲ್ಲಿ ಒಬ್ಬಾತ, ನಲವತ್ತರ ಆಸುಪಾಸಿನವನು, ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದ: “ಅಕ್ಕಾರ, ಆಕಿ ಒಲ್ಲೆ ಅಂದಂಗಿತ್ತಲ್ರೀ?”

ಆ ಗುಂಪಿನಲ್ಲಿ ಇಬ್ಬರ ಮಾತೂ ಕಿವಿಗೊಟ್ಟು ಕೇಳಿದವನು ಅವನೊಬ್ಬನೇ. ಅವನಿಗೆ ನಾನು ಕೊಟ್ಟ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ. ನನ್ನ ತವರಿನ ಮಾತಿನಲ್ಲೇ ಅಂದೆ: “ನೀ ಸುಮ್ಮನ ಎತ್ತೋ.” ಅವನು ಎತ್ತಿದ.

ಭಾನುವಾರ ಸಂಜೆ ಕೋಟೆ ಮುಟ್ಟಿದೆವು. ಕೋಟೆಯ ಬಾಗಿಲ ಮುಂದೆ ಭಾಷಣ, ಹೂಮಾಲೆ, ಪ್ರಮಾಣಪತ್ರ. ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಕರ್ನಲ್ ಸಾಹೇಬರು ಕಲ್ಲಿನ ಪಕ್ಕ ನಿಂತ ಚಿತ್ರ ಬಂತು. ‘ಕಾಣೆಯಾಗಿದ್ದ ಮೈಲಿಗಲ್ಲು ಪತ್ತೆ’ ಎಂದು ತಲೆಬರಹ. ಕಾಣೆಯಾಗಿತ್ತಂತೆ. ದಿನಾ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬ ಹೆಂಗಸಿನ ಕೈಕೆಳಗೆ ಇದ್ದ ಕಲ್ಲು.

ರಿಸೆಪ್ಶನ್ನಿನ ಮುಂದಿನ ಹುಲ್ಲುಹಾಸಿನಲ್ಲಿ ಅದನ್ನು ನಿಲ್ಲಿಸಿದರು. ಅಕ್ಷರಕ್ಕೆ ಕಪ್ಪು ಬಣ್ಣ ತುಂಬಿದರು. ರಾತ್ರಿ ಕಾಣಲಿ ಅಂತ ಬುಡದಲ್ಲಿ ದೀಪ ಹಾಕಿದರು. ಹಿತ್ತಾಳೆಯ ಫಲಕದಲ್ಲಿ ದಂಡಿನ ವಿಷಯ ಇತ್ತು, ನಡಿಗೆಯ ವಿಷಯ ಇತ್ತು, ಕಂಪನಿಯ ವಿಷಯ ಇತ್ತು. ನಲವತ್ತು ಜನಕ್ಕೆ ನೀರೊತ್ತಿದವರ ವಿಷಯ ಇರಲಿಲ್ಲ. ಸವೆದು ಕನ್ನಡಿಯಂತಾಗಿದ್ದ ಬೆನ್ನಿನ ಭಾಗ ಗೋಡೆಯ ಕಡೆ ಹೋಯಿತು.

ಹೊಸ ಕಲ್ಲಿಗೆ ನಾನು ಸೋಮವಾರವೇ ಅರ್ಜಿ ಹಾಕಿದೆ. ಮೂರು ಕಡೆಯ ಕೊಟೇಶನ್ ಬೇಕು ಎಂದು ವಾಪಸ್ಸು ಬಂತು. ಮೂರು ತಂದೆ. ಕಾರ್ಖಾನೆಯ ಆವರಣದ ಹೊರಗಿನ ಕೆಲಸ ನಮ್ಮದಲ್ಲ ಎಂದು ಇನ್ನೊಬ್ಬರು ಷರಾ ಬರೆದರು. ಹುಲ್ಲುಹಾಸಿನ ದೀಪಕ್ಕೆ ಯಾರೂ ಕೊಟೇಶನ್ ಕೇಳಿರಲಿಲ್ಲ. ಕರ್ನಲ್ ಸಾಹೇಬರಿಗೆ ಎರಡು ಸಲ ನೆನಪು ಮಾಡಿದೆ. “ಆಗಬೇಕು, ಖಂಡಿತ ಆಗಬೇಕು,” ಅಂದರು. ಅವರು ಆಗಲೇ ಮುಂದಿನ ವರ್ಷದ ನಡಿಗೆಯ ಯೋಚನೆಯಲ್ಲಿದ್ದರು. ನಾನು ಆ ಕೆರೆಯ ಕಡೆ ತಲೆ ಹಾಕಲಿಲ್ಲ. ಚಂದಾಪುರದಿಂದ ಅರ್ಧ ಗಂಟೆಯ ದಾರಿ. ಐದು ವಾರ ಹೋಗಲಿಲ್ಲ.

ಆರನೇ ವಾರ ಗೇಟಿನಿಂದ ಫೋನು ಬಂತು. “ಮೇಡಂ, ಯಾರೋ ಹೆಂಗ್ಸು ಬಂದವ್ರೆ. ಕಲ್ಲು ಕೇಳ್ತಾವ್ರೆ. ಪಾಸ್‌ನಲ್ಲಿ ಏನಂತ ಬರೀಲಿ?”

ಗೇಟಿನ ಹೊರಗೆ ಅವರು ನಿಂತಿದ್ದರು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಗಂಟು. ಅಲ್ಲಿಂದಲೇ ಹುಲ್ಲುಹಾಸಿನ ಮೇಲಿನ ಕಲ್ಲು ಕಾಣುತ್ತಿತ್ತು.

“ಅಗೋ ಅಲ್ಲಿ ನಿಲ್ಸವ್ರೆ,” ಅಂದರು. “ನಿಲ್ಸಿ ಏನ್ ಮಾಡ್ತಾರೆ?”

“ಸುಮ್ಮನೆ ನೋಡೋಕಮ್ಮ.”

“ನೋಡಾಕಾ?” ಸ್ವಲ್ಪ ಹೊತ್ತು ಅವರೂ ನೋಡಿದರು. “ನಾನು ಜಗಳಕ್ ಬಂದಿಲ್ಲ ಕಣಮ್ಮ. ಒಂದು ವಾರ ಅಂದ್ರಲ್ಲ, ಮರೆತ್ರೇನೋ ಅಂತ ಬಂದೆ. ಕೆರೆ ಮೆಟ್ಟಿಲ ಮ್ಯಾಲೆ ಒಗೀತಾವ್ನಿ. ಅದು ತಗ್ಗು, ಸೊಂಟ ಎತ್ತಕ್ಕಾಗಲ್ಲ. ಗುಂಡಿಯೆಲ್ಲ ಒಡ್ದೋಯ್ತಾವೆ. ಉಡುಗ್ರು ಬೈತಾರೆ. ನಾಕು ಜನ ಬಿಟ್ಟೋದ್ರು.”

ನನ್ನ ಬಾಯಲ್ಲಿ ಬಂದದ್ದು: “ಫಾರಂ ಹಾಕಿದೀನಮ್ಮ. ಇನ್ನೂ ಸ್ಯಾಂಕ್ಷನ್ ಆಗಿಲ್ಲ.” ಹಾಗೆಂದರೆ ಏನು ಎಂದು ಅವರು ಕೇಳಲಿಲ್ಲ. ಗಂಟು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಹೊರಟರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲಿಂದ ಸೀದಾ ಕರ್ನಲ್ ಸಾಹೇಬರ ಕ್ಯಾಬಿನ್ನಿಗೆ ಹೋದೆ. ಬಾಗಿಲು ತಟ್ಟಿದ ನೆನಪಿಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

“ಸರ್, ಆ ಹೆಂಗಸು ಅವತ್ತು ಒಪ್ಪಿರಲಿಲ್ಲ. ಹೊಸ ಕಲ್ಲು ಬರುವ ತನಕ ಕೊಡುವುದಿಲ್ಲ ಅಂದಿದ್ದರು. ನಾನು ತಪ್ಪು ಹೇಳಿದೆ. ಕಲ್ಲು ವಾಪಸ್ಸು ಕೊಡಬೇಕು.”

ಅವರು ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿ ಅಂದರು: “ನೀವು ತಪ್ಪು ಹೇಳಿದ್ದರೆ ಅದು ನಿಮ್ಮ ತಪ್ಪು. ನಾನು ಕೇಳಿಯೇ ತೆಗೆದುಕೊಂಡೆ.”

“ಹೌದು ಸರ್. ಈಗ ಗೊತ್ತಾಯಿತಲ್ಲ.”

“ಗೊತ್ತಾಗಿ? ಚರಿತ್ರೆಯ ವಸ್ತುವನ್ನು ಮತ್ತೆ ಸೋಪಿನ ನೀರಿಗೆ ಹಾಕಬೇಕೆ? ಅದು ಎಲ್ಲರ ಸ್ವತ್ತು. ನಾನು ಬೇಕಾದರೆ ನನ್ನ ಜೇಬಿನಿಂದಲೇ ಏನಾದರೂ ಕೊಡುತ್ತೇನೆ, ಆಕೆಗೆ ತಲುಪಿಸಿ.”

ಆಫೀಸಿನಲ್ಲಿ ಅಲ್ಲಿಯವರೆಗೆ ನಾನು ಧ್ವನಿ ಎತ್ತಿದವಳಲ್ಲ. “ಎಲ್ಲರ ಸ್ವತ್ತಾದರೆ ಗೇಟಿನ ಹೊರಗೆ ಯಾಕೆ ನಿಂತಿದ್ದರು ಸರ್ ಅವರು? ಆ ಕಾಲದಲ್ಲಿ ಎತ್ತು ಹೊಡೆದುಕೊಂಡು ಹೋದವರಿಗೂ ನನ್ನಂಥ ಒಬ್ಬಳು ಸಿಕ್ಕಿರಬೇಕು, ಒಪ್ಪಿದ್ದಾರೆ ಅಂತ ಹೇಳೋಕೆ.”

ಅವರ ಮುಖ ಬಿಳಿಚಿತು. ಎದ್ದು ನಿಂತು, “ನೀವು ಹೋಗಬಹುದು,” ಅಂದರು. ಹೊರಗೆ ಬಂದಾಗ ಟೈಪ್ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದ್ದರು.

ಆ ಭಾನುವಾರ ನಾನೇ ಹುಡುಕಿಕೊಂಡು ಕಾಂಪೌಂಡಿನ ಕೆಲಸದವರ ಶೆಡ್ಡಿಗೆ ಹೋದೆ. ಅವತ್ತು ಕೇಳಿದ್ದ ಕೊಪ್ಪಳದವನು ರೊಟ್ಟಿ ತಿನ್ನುತ್ತಿದ್ದ. ನನ್ನನ್ನು ನೋಡಿ ಏಳಲಿಲ್ಲ.

“ಅಣ್ಣಾ, ಅವತ್ತ ನೀ ಹೇಳಿದ್ದ ಖರೇ ಇತ್ತು,” ಅಂದೆ. “ಒಂದು ಕಲ್ಲ ತರಬೇಕು. ಕೈ ಹಚ್ಚತೀಯೇನು?”

ಅವನು ರೊಟ್ಟಿ ಮುಗಿಸಿ, ಕೈ ತೊಳೆದು, ಇನ್ನಿಬ್ಬರನ್ನು ಕರೆದ. ಜಿಗಣಿಯ ಕ್ವಾರಿಗೆ ಹೋಗಿ ಚಪ್ಪಡಿ ಆರಿಸಿದ್ದೂ ಅವನೇ. ನಾನು ತೋರಿಸಿದ್ದನ್ನೆಲ್ಲ “ಇದು ಸೀಳತೈತ್ರೀ” ಎಂದು ಬದಿಗೆ ಸರಿಸಿದ. ಬಾಡಿಗೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಸಂಜೆಗೆ ಕೆರೆಯ ಹತ್ತಿರ ಬಂದೆವು.

ಆ ಹೆಂಗಸು ಎಷ್ಟು ಎತ್ತರ, ನೀರು ಹರಿಯಲು ಎಷ್ಟು ವಾಟ ಎಂದು ಮಾತ್ರ ಹೇಳಿದರು. ಎರಡು ಸಲ ತೆಗೆಸಿ ಮತ್ತೆ ಹಾಕಿಸಿದರು. ಕೊನೆಗೆ ಅಂಗೈ ಆಡಿಸಿ ನೋಡಿದರು.

“ಒರಟು. ಸೀರೆ ಆಕುದ್ರೆ ಅರಿತದೆ. ಇದು ನುಣ್ಣಗಾಗಕ್ಕೆ ನನ್ನ ಆಯಸ್ಸು ಸಾಲಾಕಿಲ್ಲ,” ಅಂದರು. “ಇರ್ಲಿ. ನಿಮ್ಮ ಫ್ಯಾಕ್ಟ್ರಿ ಪ್ಯಾಂಟಿಗೆ ಆಯ್ತದೆ.”

ತಿಂಗಳು ತುಂಬುವುದರೊಳಗೆ ನನ್ನನ್ನು ಪೀಣ್ಯದ ಘಟಕಕ್ಕೆ ವರ್ಗ ಮಾಡಿದರು. ಆಡಳಿತದ ಅನುಕೂಲಕ್ಕಾಗಿ ಎಂದು ಪತ್ರದಲ್ಲಿತ್ತು. ಚಂದಾಪುರದಿಂದ ಪೀಣ್ಯಕ್ಕೆ ಓಡಾಡುವ ಮಾತೇ ಇರಲಿಲ್ಲ. ಬಾಗಲಗುಂಟೆಯಲ್ಲಿ ಒಂದು ರೂಮು ಹುಡುಕಿದೆ. ಕರ್ನಲ್ ಸಾಹೇಬರು ಬೀಳ್ಕೊಡುವಾಗ ಕೈ ಕುಲುಕಿ, ನಿಮ್ಮ ಕೆಲಸ ಯಾವಾಗಲೂ ಚೆನ್ನಾಗಿತ್ತು ಅಂದರು. ಅದೂ ಮನಸಾರೆ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಸಾಮಾನು ಕಟ್ಟಿದ ಮೇಲೆ ಕೆರೆಯ ಕಡೆ ಹೋದೆ. ಅವರು ಬೆಡ್‌ಶೀಟು ಒಗೆಯುತ್ತಿದ್ದರು. ಹೊಸ ಚಪ್ಪಡಿಯ ಮಧ್ಯ ಅಂಗೈಯಗಲ ಜಾಗ ಬಣ್ಣ ತಿರುಗಿತ್ತು. ನಾನು ಹೇಳಬೇಕೆಂದೇ ಹೋಗಿದ್ದೆ, ಆದರೆ ಅವರೇ ಕೇಳಿದರು.

“ಅವತ್ತು ನಾನು ಏನಂದೆ ಅಂತ ಆಯಪ್ಪಂಗೆ ಏಳಿದ್ರಿ?”

“ಒಪ್ಪಿದ್ದಾರೆ ಅಂದೆ.”

ಅವರು ಒಗೆಯುವುದನ್ನು ನಿಲ್ಲಿಸಲಿಲ್ಲ. “ಅದ್ಕೇ ಕೈ ಮುಗ್ದ. ನಾನು ಕೊಟ್ಟೆ ಅಂದ್ಕಂಡವ್ನೆ.” ಇನ್ನೊಂದೆರಡು ಏಟು ಬಿತ್ತು. “ಈಗ್ಲಾದ್ರೂ ಏಳಿದ್ರಾ?”

“ಹೇಳಿದೆ. ನಿಮ್ಮ ತಪ್ಪು ಅಂತ ನನಗೇ ಅಂದರು.”

“ಅದು ಸರಿನೇ,” ಅಂದರು. “ಅವಂದೂ ಐತೆ, ನಿಮ್ದೂ ಐತೆ.”

ನನಗೆ ಕ್ಷಮೆ ಕೇಳಬೇಕೆಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರು ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕೈಗೆ ಎಸೆದರು. “ಇಡ್ಕಳಿ. ಸುಮ್ನೆ ನಿಂತಿದ್ದೀರಲ್ಲ, ಇಂಡಿ.” ನಾನು ಹಿಂಡಿದೆ. ಅವರು ತಿರುಗಿಸಿದ ಕಡೆಗೇ ನಾನೂ ತಿರುಗಿಸುತ್ತಿದ್ದೆ, ನೀರು ಇಳಿಯಲಿಲ್ಲ. “ಆ ಕಡಿಗೆ ಕಣಮ್ಮ, ಆ ಕಡಿಗೆ,” ಎಂದು ಗದರಿದರು. ನಾಲ್ಕು ಬೆಡ್‌ಶೀಟು ಹಿಂಡಿಸಿ, ಹಗ್ಗಕ್ಕೆ ಹಾಕಿಸಿ, ಬಸ್ಸಿಗೆ ಹೊತ್ತಾಯಿತು ಹೋಗಿ ಅಂದರು.

ಬಸ್ಸಿನಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಕೂತಿದ್ದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮ ಕಾರ್ಖಾನೆಯ ಗೇಟು ಬಂದಾಗ ಕಿಟಕಿಯ ಆಚೆ ನೋಡಬಾರದು ಅಂದುಕೊಂಡೆ, ಆದರೂ ನೋಡಿದೆ. ಮಾಲಿಯೊಬ್ಬ ಕಲ್ಲಿನ ಸುತ್ತಲ ಹುಲ್ಲುಹಾಸಿಗೆ ಪೈಪು ಹಿಡಿದಿದ್ದ. ಪಕ್ಕದಲ್ಲಿ ಕೂತಿದ್ದವರು ಏನಾಯ್ತು ಮೇಡಂ ಎಂದು ಕೇಳಿದರು. ಏನಿಲ್ಲ ಅಂದೆ. ಮೆಜೆಸ್ಟಿಕ್ ಬರುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ, ದವಡೆ ನೋಯುತ್ತಿತ್ತು.